ಹೇಳದಿದ್ದರೆ ಇಂಗ್ಲಿಷು

ಕನ್ನಡದಲ್ಲಿ ಫೋನು, ಕಂಪ್ಯೂಟರು ಬಳಸುವವರೆಲ್ಲ ದಿನವೂ ಒಂದಿಷ್ಟು ಓದುವ ಒಂದು ಪಠ್ಯವಿದೆ. ಅದಕ್ಕೆ ಲೇಖಕರ ಹೆಸರಿಲ್ಲ, ಮುನ್ನುಡಿಯಿಲ್ಲ, ಬಿಡುಗಡೆ ಸಮಾರಂಭವೂ ನಡೆಯುವುದಿಲ್ಲ. ತಿಂಗಳ ಹೆಸರು, ವಾರದ ಹೆಸರು, ದೇಶಗಳ ಹೆಸರು, ಗಂಟೆ ಹೇಳುವ ರೀತಿ, ಸಂಖ್ಯೆ ಬರೆಯುವ ರೀತಿ, ಇಷ್ಟೇ ಅದರ ವಸ್ತು. ಸಿಎಲ್‌ಡಿಆರ್ ಎಂಬ ಹೆಸರಿನ ಈ ಭಂಡಾರವನ್ನು ಯೂನಿಕೋಡ್ ಒಕ್ಕೂಟ ನಡೆಸುತ್ತದೆ. ಲೋಕದ ನೂರಾರು ಭಾಷೆಗಳಿಗೆ ಅದರಲ್ಲಿ ಒಂದೊಂದು ಅಧ್ಯಾಯವಿದ್ದು, ಕನ್ನಡಕ್ಕೂ ಒಂದಿದೆ. ಆಂಡ್ರಾಯ್ಡ್, ಬ್ರೌಸರು, ಜಾವಾ ಎಲ್ಲವೂ ಕನ್ನಡದಲ್ಲಿ ತಾರೀಖು ಹೇಳಬೇಕಾದಾಗ ತಿರುವುವುದು ಇದೇ ಅಧ್ಯಾಯವನ್ನು. ಇದರ ಬಗ್ಗೆ ಕನ್ನಡದಲ್ಲಿ ಒಂದು ವಿಮರ್ಶೆಯನ್ನೂ ನಾನು ಓದಿಲ್ಲ. ಜಾವಾ ಬರೆದು ಹೊಟ್ಟೆ ಹೊರೆಯುವವನು ನಾನು. ಆ ನೆಪದಲ್ಲಿ ಈ ಪಠ್ಯವನ್ನು ಜಾವಾದ ಕಿಟಕಿಯಿಂದಲೇ ನೋಡುತ್ತೇನೆ.

ಮೊದಲು ಈ ಪಠ್ಯ ಯಾವಾಗ ತೆರೆದುಕೊಳ್ಳುತ್ತದೆ ಎಂಬುದನ್ನು ಹೇಳಬೇಕು. ಜಾವಾದಲ್ಲಿ ಬರೆದ ಯಾವ ಪ್ರೋಗ್ರಾಮ್ ಶುರುವಾದರೂ ಅದು ತನಗೆ ತಾನೇ ಕೇಳಿಕೊಳ್ಳುವ ಮೊದಮೊದಲ ಪ್ರಶ್ನೆಗಳಲ್ಲಿ ಒಂದು, ‘ನಾನು ಯಾವ ಭಾಷೆಯವನು, ಯಾವ ದೇಶದವನು?’ ಎಂಬುದು. ಉತ್ತರವನ್ನು ಅದು ತಾನು ಕೂತಿರುವ ಯಂತ್ರದಿಂದ ಪಡೆಯುತ್ತದೆ. ಯಂತ್ರದ ಸೆಟ್ಟಿಂಗ್ ಕನ್ನಡ–ಭಾರತ ಎಂದಿದ್ದರೆ ಅದೇ, ಇಂಗ್ಲಿಷ್–ಅಮೆರಿಕ ಎಂದಿದ್ದರೆ ಅದೇ. ಯಂತ್ರ ಏನೂ ಹೇಳದಿದ್ದರೆ ಇಂಗ್ಲಿಷು. ಈ ಉತ್ತರಕ್ಕೆ ‘ಡೀಫಾಲ್ಟ್ ಲೋಕೇಲ್’ ಎಂದು ಹೆಸರು. 1997ರ ಜಾವಾ 1.1ರಿಂದ ಇದು ಹೀಗೇ ನಡೆದುಬಂದಿದೆ.

ಡೀಫಾಲ್ಟ್ ಎಂಬ ಪದವನ್ನು ಕನ್ನಡದ ತಂತ್ರಾಂಶಗಳಲ್ಲಿ ‘ಪೂರ್ವನಿಯೋಜಿತ’ ಎಂದು ಅನುವಾದಿಸಿರುವುದನ್ನು ನೋಡಿರಬಹುದು. ಮೊದಲೇ ಯಾರೋ ಯೋಚಿಸಿ, ಕೂತು ನಿಯೋಜಿಸಿದರು ಎಂಬ ಗಾಂಭೀರ್ಯ ಅದಕ್ಕಿದೆ. ಆದರೆ ಇದೇ ಇಂಗ್ಲಿಷ್ ಪದಕ್ಕೆ ನಮ್ಮ ಸಹಕಾರ ಸಂಘಗಳಲ್ಲಿ, ಬ್ಯಾಂಕಿನ ನೋಟಿಸುಗಳಲ್ಲಿ ಬಹಳ ಹಿಂದಿನಿಂದ ಬೇರೊಂದು ಕನ್ನಡವಿದೆ: ಸುಸ್ತಿ. ಕಂತು ಕಟ್ಟದವನು ಸುಸ್ತಿದಾರ. ಕಂಪ್ಯೂಟರಿನ ವಿಷಯಕ್ಕೆ ಈ ಪದವೇ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ. ಡೀಫಾಲ್ಟ್ ಭಾಷೆ ಎಂದರೆ ಹೇಳಬೇಕಾದವನು ಹೇಳದೆ ಬಿಟ್ಟದ್ದರಿಂದ ಬಂದ ಭಾಷೆ. ಯಾರೂ ಅದನ್ನು ನಿಯೋಜಿಸಿಲ್ಲ. ಎಲ್ಲರೂ ಸುಸ್ತಿ ಬಿದ್ದಿದ್ದೇವೆ.

ಈ ಸುಸ್ತಿ ಹೆಚ್ಚು ಕಾಣುವುದು ಬಿಲ್ಡ್ ಎಂಬ ಹಂತದಲ್ಲಿ. ಬರೆದ ಪ್ರೋಗ್ರಾಮನ್ನು ಒಟ್ಟುಮಾಡಿ, ಪರೀಕ್ಷೆಗಳನ್ನು ಓಡಿಸಿ, ಗಿರಾಕಿಗೆ ಕೊಡುವ ರೂಪಕ್ಕೆ ತರುವ ಕೆಲಸ ಇದು. ಜಾವಾ ಲೋಕದಲ್ಲಿ ಇದನ್ನು ಹೆಚ್ಚಾಗಿ ಮೇವನ್ ಅಥವಾ ಗ್ರೇಡಲ್ ಎಂಬ ಸಲಕರಣೆಗಳು ಮಾಡುತ್ತವೆ. ಅವೂ ಜಾವಾದ ಮೇಲೆಯೇ ಓಡುವುದರಿಂದ ಅವಕ್ಕೂ ಒಂದು ಡೀಫಾಲ್ಟ್ ಭಾಷೆ ಅಂಟಿಕೊಳ್ಳುತ್ತದೆ. ನಾನು ಇವನ್ನು ಲಿಪಿಕಾರರು ಎಂದು ಭಾವಿಸುತ್ತೇನೆ. ಓಲೆಗರಿಯ ಕಾಲದ ಲಿಪಿಕಾರ ತನ್ನ ಮುಂದಿದ್ದ ಪ್ರತಿಯನ್ನು ಯಥಾವತ್ತಾಗಿ ಎತ್ತಿ ಬರೆಯುತ್ತಿದ್ದೇನೆ ಎಂದುಕೊಳ್ಳುತ್ತಿದ್ದ. ಅವನಿಗೆ ಗೊತ್ತಿಲ್ಲದೆ ಅವನ ಸೀಮೆಯ ಉಚ್ಚಾರ, ಅವನ ಕಾಲದ ಕಾಗುಣಿತ ಪ್ರತಿಯೊಳಗೆ ಸೇರಿಬಿಡುತ್ತಿತ್ತು. ಗ್ರಂಥಸಂಪಾದನೆ ಮಾಡುವವರು ಪಾಠಾಂತರಗಳನ್ನು ಎದುರಿಗಿಟ್ಟುಕೊಂಡು ಯಾವುದು ಕವಿಯದು, ಯಾವುದು ಲಿಪಿಕಾರನದು ಎಂದು ಬಿಡಿಸುತ್ತಿದ್ದುದು ಅದಕ್ಕೇ. ಬಿಲ್ಡ್ ಮಾಡುವ ಯಂತ್ರವೂ ಹೀಗೆಯೇ ತನ್ನ ಸೀಮೆಯನ್ನು ಒಳಗೆ ಬೆರೆಸುತ್ತದೆ. ಇಬ್ಬರು ಒಂದೇ ಪ್ರೋಗ್ರಾಮನ್ನು ಬೇರೆ ಬೇರೆ ಭಾಷೆಯ ಯಂತ್ರಗಳಲ್ಲಿ ಬಿಲ್ಡ್ ಮಾಡಿದರೆ ಒಬ್ಬರ ಪರೀಕ್ಷೆ ಪಾಸಾಗಿ ಇನ್ನೊಬ್ಬರದು ಬೀಳಬಹುದು.

ಇದರ ಪ್ರಸಿದ್ಧ ಉದಾಹರಣೆ ತುರ್ಕಿ ಭಾಷೆಯದು. ತುರ್ಕಿಯಲ್ಲಿ ಚುಕ್ಕಿ ಇರುವ ಐ ಬೇರೆ, ಚುಕ್ಕಿ ಇಲ್ಲದ ಐ ಬೇರೆ. ಯಂತ್ರ ತುರ್ಕಿಯದಾದರೆ ದೊಡ್ಡಕ್ಷರದ ಐ ಅನ್ನು ಸಣ್ಣಕ್ಷರ ಮಾಡಿದಾಗ ಚುಕ್ಕಿಯಿಲ್ಲದ ಐ ಬರುತ್ತದೆ. ಇಂಗ್ಲಿಷ್ ಪದಗಳನ್ನು ನಂಬಿ ಬರೆದ ಪ್ರೋಗ್ರಾಮು ಅಲ್ಲಿ ಮುಗ್ಗರಿಸುತ್ತದೆ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಇಲ್ಲದ್ದರಿಂದ ಈ ತಾಪತ್ರಯ ನಮಗಿಲ್ಲ. ನಮ್ಮದು ಬೇರೆ ಕಡೆ ಒಡೆಯುತ್ತದೆ. ಇಂಗ್ಲಿಷಿನಲ್ಲಿ ‘02-ಜನ್-2026’ ಎಂದು ಬರೆದಿರುವ ತಾರೀಖನ್ನು ಓದಲು ಹೇಳಿ, ಯಾವ ಭಾಷೆಯಲ್ಲಿ ಓದಬೇಕೆಂದು ಹೇಳದಿದ್ದರೆ, ಕನ್ನಡದ ಯಂತ್ರ ಅಲ್ಲಿ ಕನ್ನಡದ ತಿಂಗಳನ್ನೇ ಹುಡುಕುತ್ತದೆ. ಸಿಗದೆ ಕೈಚೆಲ್ಲುತ್ತದೆ.

ಆಫೀಸುಗಳಲ್ಲಿ ಇದಕ್ಕೆ ಸಿದ್ಧೌಷಧ ಒಂದಿದೆ. ಗ್ರೇಡಲ್ ಆದರೆ ಅದರ ಪ್ರಾಪರ್ಟೀಸ್ ಕಡತದಲ್ಲಿ, ಮೇವನ್ ಆದರೆ ಎಂವಿಎನ್ ಎಂಬ ಕೋಶದ ಜೆವಿಎಂ ಕಾನ್ಫಿಗ್ ಕಡತದಲ್ಲಿ, ಎರಡು ಮಾತು ಬರೆದುಬಿಡುತ್ತಾರೆ: ಭಾಷೆ ಇಂಗ್ಲಿಷು, ದೇಶ ಅಮೆರಿಕ. ಮೇವನ್ ಪರೀಕ್ಷೆಗಳನ್ನು ಓಡಿಸಲು ಬೇರೆಯೇ ಒಂದು ಜಾವಾವನ್ನು ಹುಟ್ಟಿಸುವುದರಿಂದ ಅದಕ್ಕೂ ಪ್ರತ್ಯೇಕವಾಗಿ ಇದನ್ನೇ ಕಿವಿಯಲ್ಲಿ ಊದಬೇಕು. ಗ್ರೇಡಲ್ ಹಿನ್ನೆಲೆಯಲ್ಲಿ ಒಬ್ಬ ಆಳನ್ನು ಸದಾ ಎಬ್ಬಿಸಿ ಇಟ್ಟುಕೊಂಡಿರುತ್ತದೆ. ಡೀಮನ್ ಎಂದು ಅವನ ಹೆಸರು. ಅವನ ಭಾಷೆ, ದೇಶಗಳನ್ನು ನಡುವೆ ಬದಲಾಯಿಸಲಾಗದು. ಬೇರೆ ಭಾಷೆ ಬೇಕೆಂದರೆ ಗ್ರೇಡಲ್ ಇನ್ನೊಬ್ಬ ಹೊಸ ಆಳನ್ನೇ ಎಬ್ಬಿಸುತ್ತದೆ. ಹುಟ್ಟುವಾಗ ಕಲಿತ ಭಾಷೆಯಲ್ಲೇ ಸಾಯುವ ಈ ಡೀಮನ್ ಬಗ್ಗೆ ನನಗೆ ಒಂದು ಬಗೆಯ ಮರುಕವಿದೆ.

ಈ ಔಷಧ ತಪ್ಪೆಂದು ನಾನು ವಾದಿಸುವುದಿಲ್ಲ. ಲಿಪಿಕಾರ ಒಂದೇ ಸೀಮೆಯವನಾಗಿರಲಿ, ಪ್ರತಿಗಳು ಹೊಂದಿಕೊಳ್ಳಲಿ ಎಂಬ ಆಸೆ ನ್ಯಾಯವಾದದ್ದು. ಯಾರು, ಎಲ್ಲಿ, ಯಾವಾಗ ಬಿಲ್ಡ್ ಮಾಡಿದರೂ ಒಂದೇ ಫಲ ಬರಬೇಕು. ನನ್ನ ತಕರಾರು ಇರುವುದು ಔಷಧ ಕೊಟ್ಟು ಕಾಯಿಲೆಯನ್ನು ಮರೆಯುವುದರ ಬಗ್ಗೆ. ಬಿಲ್ಡಿನಲ್ಲಿ ಇಂಗ್ಲಿಷ್–ಅಮೆರಿಕ ಎಂದು ಬರೆದ ದಿನದಿಂದ ಆ ಪ್ರೋಗ್ರಾಮು ಬೇರೆ ಯಾವ ಭಾಷೆಯಲ್ಲೂ ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದಿಲ್ಲ. ದೋಷ ಒಳಗೇ ಇರುತ್ತದೆ. ದೋಷ ಕಾಣುವ ಕಣ್ಣನ್ನು ಮಾತ್ರ ಮುಚ್ಚಿರುತ್ತೇವೆ. ಮುಂದೆ ಅದು ಬಿಲ್ಡ್ ಯಂತ್ರದಿಂದ ಹೊರಬಂದು ವಿಜಯನಗರದ ಒಂದು ಮನೆಯ ಫೋನನ್ನು ತಲುಪುತ್ತದೆ.

ತಲುಪಿದಾಗ ಏನಾಗುತ್ತದೆ ಎಂಬುದಕ್ಕೆ ಒಂದು ಸಣ್ಣ ನಿದರ್ಶನ. ನಮ್ಮ ಪಕ್ಕದ ಮನೆಯ ಹಿರಿಯರಿಗೆ ಒಂದು ರಕ್ತಪರೀಕ್ಷೆಯ ಕೇಂದ್ರದಿಂದ ಸಂದೇಶ ಬಂತು. ಮುಂದಿನ ಪರೀಕ್ಷೆಯ ದಿನ ‘4/3’ ಎಂದಿತ್ತು. ಅವರು ಮಾರ್ಚ್ 4ಕ್ಕೆ ಉಪವಾಸವಿದ್ದು ಹೋದರು. ಕೇಂದ್ರದವರ ಲೆಕ್ಕದಲ್ಲಿ ಅದು ಏಪ್ರಿಲ್ 3. ‘ಏನಪ್ಪಾ, ನೀನು ಕಂಪ್ಯೂಟರಿನವನಲ್ವಾ, ತಾರೀಖು ಮೊದಲು ಬರಬೇಕೋ ತಿಂಗಳು ಮೊದಲು ಬರಬೇಕೋ?’ ಎಂದು ನನ್ನನ್ನು ಕೇಳಿದರು. ‘ನಮ್ಮಲ್ಲಿ ತಾರೀಖೇ ಮೊದಲು, ಅಂಕಲ್’ ಎಂದೆ. ‘ಮತ್ತೆ ಇವರು ಯಾರು?’ ಎಂದರು. ಆ ತಂತ್ರಾಂಶ ಯಾವುದರಲ್ಲಿ ಬರೆದದ್ದೋ, ಒಳಗೆ ಏನಿತ್ತೋ ನಾನು ನೋಡಿಲ್ಲ. ಆದರೆ ತಿಂಗಳು ಮೊದಲು ಬರುವುದು ಅಮೆರಿಕದ ಕ್ರಮ. ಭಾರತದ ಕನ್ನಡಕ್ಕೂ ಭಾರತದ ಇಂಗ್ಲಿಷಿಗೂ ತಾರೀಖೇ ಮೊದಲೆಂದು ಭಂಡಾರದಲ್ಲಿ ಸ್ಪಷ್ಟವಾಗಿದೆ. ಕೇಳುವವರು ಕೇಳಿರಲಿಲ್ಲ, ಅಷ್ಟೆ.

ಹಾಗಾದರೆ ಕೇಳಿದವರಿಗೆ ಸಿಗುವ ಕನ್ನಡ ಎಂಥದು? ಇದಕ್ಕೆ ಸ್ವಲ್ಪ ಚರಿತ್ರೆ ಬೇಕು. 2014ರ ಜಾವಾ 8ರವರೆಗೂ ಜಾವಾ ತನ್ನದೇ ಒಂದು ಪಟ್ಟಿಯನ್ನು ಇಟ್ಟುಕೊಂಡಿತ್ತು. ಅದರಲ್ಲಿ ಭಾರತಕ್ಕೆ ಹಿಂದಿ ಮತ್ತು ಭಾರತೀಯ ಇಂಗ್ಲಿಷ್ ಇದ್ದವು; ಕನ್ನಡ ಇರಲಿಲ್ಲ. ಭಾಷೆ ಕನ್ನಡ ಎಂದು ಹೇಳಿದರೂ ತಿಂಗಳು ಇಂಗ್ಲಿಷಿನಲ್ಲೇ ಬರುತ್ತಿತ್ತು. ಜಾವಾ 8ರೊಳಗೆ ಸಿಎಲ್‌ಡಿಆರ್ ಪಠ್ಯವೂ ಇತ್ತು, ಆದರೆ ಅದನ್ನು ಬೇರೆಯಾಗಿ ಕೇಳಿ ಪಡೆಯಬೇಕಿತ್ತು. 2017ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 9 ಆ ಪಠ್ಯವನ್ನೇ ಡೀಫಾಲ್ಟ್ ಮಾಡಿತು. ಅಂದಿನಿಂದ ಜಾವಾಕ್ಕೆ ‘ಸೋಮವಾರ’ ಎನ್ನಲು ಬರುತ್ತದೆ.

ಅದೇ ಜಾವಾ 9ರಲ್ಲಿ ಇನ್ನೊಂದು ಬಿಡುಗಡೆಯೂ ಆಯಿತು. ಅಲ್ಲಿಯವರೆಗೆ ಪ್ರೋಗ್ರಾಮಿನ ಕನ್ನಡ ಮಾತುಗಳನ್ನಿಡುವ ಪ್ರಾಪರ್ಟೀಸ್ ಕಡತದಲ್ಲಿ ಕನ್ನಡ ಅಕ್ಷರವನ್ನು ನೇರವಾಗಿ ಬರೆಯುವಂತಿರಲಿಲ್ಲ. ಒಂದೊಂದು ಅಕ್ಷರಕ್ಕೂ ಅದರ ಯೂನಿಕೋಡ್ ಸಂಖ್ಯೆಯನ್ನು ಆರು ಚಿಹ್ನೆಗಳಲ್ಲಿ ಬರೆಯಬೇಕಿತ್ತು. ‘ಕನ್ನಡ’ ಎಂಬ ಪದದಲ್ಲಿ ಯಂತ್ರದ ಲೆಕ್ಕಕ್ಕೆ ಕ, ನ, ವಿರಾಮ, ನ, ಡ ಎಂದು ಐದು ಘಟಕಗಳು. ಅಂದರೆ 30 ಚಿಹ್ನೆಗಳು. ಅವುಗಳಲ್ಲಿ ಒಂದೂ ಕನ್ನಡದ್ದಲ್ಲ. ಹೀಗೆ ಬರೆದ ಅನುವಾದವನ್ನು ಕನ್ನಡ ಬಲ್ಲವರು ಓದಿ ತಿದ್ದುವುದಾದರೂ ಹೇಗೆ? ಮೂಲ ಕಡತಗಳಿಗೆ ಯಂತ್ರ ಯಾವುದಿದ್ದರೂ ಯುಟಿಎಫ್-8 ಎಂಬ ಸಂಕೇತವೇ ಡೀಫಾಲ್ಟ್ ಎಂದು ಜಾವಾ ಒಪ್ಪಿಕೊಂಡದ್ದು 2022ರ ಜಾವಾ 18ರಲ್ಲಿ. ಅದಕ್ಕೆ ಮುಂಚೆ ವಿಂಡೋಸ್ ಯಂತ್ರದಲ್ಲಿ ಬಿಲ್ಡ್ ಮಾಡಿದರೆ, ಸಂಕೇತ ಹೇಳಲು ಮರೆತಲ್ಲಿ ಕನ್ನಡ ಅಕ್ಷರಗಳು ಪ್ರಶ್ನಾರ್ಥಕ ಚಿಹ್ನೆಗಳೋ ಗೊಬ್ಬರವೋ ಆಗಿಬಿಡುತ್ತಿದ್ದವು.

ಈಗ ಪಠ್ಯಕ್ಕೆ ಬರೋಣ. ಅದರ ವಾರಗಳು, ತಿಂಗಳುಗಳು ನಿರ್ದುಷ್ಟವಾಗಿವೆ. ತೊಂದರೆ ಗಂಟೆಯಲ್ಲಿ ಶುರುವಾಗುತ್ತದೆ. ಜಾವಾ 17ಕ್ಕೆ ರಾತ್ರಿ ಒಂಬತ್ತೂವರೆಯನ್ನು ಕನ್ನಡದಲ್ಲಿ ಚಿಕ್ಕದಾಗಿ ಹೇಳು ಎಂದರೆ ಅದು ‘09:30 ಅಪರಾಹ್ನ’ ಎನ್ನುತ್ತದೆ. ಇದರಲ್ಲಿ ಎರಡು ದೋಷಗಳಿವೆ. ಒಂದು, ಅಪರಾಹ್ನ ಎಂದರೆ ಹಗಲಿನ ಉತ್ತರಾರ್ಧ. ಊಟ ಮುಗಿಸಿ ಹಾಸಿಗೆ ಹಾಸುವ ಹೊತ್ತನ್ನು ಯಾವ ಕನ್ನಡಿಗನೂ ಅಪರಾಹ್ನ ಎನ್ನುವುದಿಲ್ಲ. ಇಂಗ್ಲಿಷಿನ ಪಿಎಂ ಎಂಬ ಎರಡಕ್ಷರಕ್ಕೆ ಒಂದು ಸಂಸ್ಕೃತ ಪದ ಬೇಕಿತ್ತು, ಹುಡುಕಿ ಕೂಡಿಸಿದ್ದಾರೆ. ಎರಡು, ಪದದ ಜಾಗ. ನಾವು ಹೊತ್ತನ್ನು ಮೊದಲು ಹೇಳಿ ಗಂಟೆಯನ್ನು ಆಮೇಲೆ ಹೇಳುತ್ತೇವೆ: ರಾತ್ರಿ ಒಂಬತ್ತೂವರೆ, ಬೆಳಗ್ಗೆ ಆರು. ಮೊದಲು ಸನ್ನಿವೇಶ, ಆಮೇಲೆ ಅಂಕಿ. ಇಲ್ಲಿ ಪದ ಮಾತ್ರ ಕನ್ನಡಕ್ಕೆ ಬಂದಿದೆ, ವಾಕ್ಯದ ಬೆನ್ನುಮೂಳೆ ಇಂಗ್ಲಿಷಿನದೇ.

ತಮಾಷೆಯೆಂದರೆ ಸರಿಯಾದ ಪದಗಳು ಅದೇ ಭಂಡಾರದಲ್ಲಿ ಇವೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ನಾಲ್ಕೂ ಇವೆ. 2021ರ ಜಾವಾ 16ರಿಂದ ಅವನ್ನು ಕೇಳಿ ಪಡೆಯಲೂ ಬಹುದು. ತಾರೀಖಿನ ನಮೂನೆಯಲ್ಲಿ ಸಣ್ಣ ಎ ಅಕ್ಷರದ ಬದಲು ದೊಡ್ಡ ಬಿ ಅಕ್ಷರವನ್ನು, ಅದೂ ಗಂಟೆಗಿಂತ ಮೊದಲು, ಬರೆದರೆ ಸಾಕು. ‘ರಾತ್ರಿ 9:30’ ಬರುತ್ತದೆ. ಆದರೆ ಕೇಳದವರಿಗೆ ಅಪರಾಹ್ನ. ನಮ್ಮ ಮನೆಯ ಪದ ಅಟ್ಟದ ಮೇಲಿದೆ, ಜಗಲಿಯಲ್ಲಿ ಕೂತಿರುವುದು ಬಾಡಿಗೆಯ ಪದ.

ಸಂಖ್ಯೆಗಳದು ಇನ್ನೂ ದೊಡ್ಡ ಕಥೆ. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 96,21,551. ಜಾವಾದ ಸ್ವಂತ ಸಂಖ್ಯಾಲೇಖಕನಿಗೆ ಇದನ್ನು ಕನ್ನಡದಲ್ಲಿ ಬರೆ ಎಂದರೆ 9,621,551 ಎಂದು ಬರೆಯುತ್ತದೆ. ಅಲ್ಪವಿರಾಮಗಳ ನಡುವಿನ ಅಂತರ ಒಂದೇ ಇರಬಲ್ಲದು ಎಂಬುದು ಅದರ ರಚನೆಯಲ್ಲೇ ಸೇರಿಹೋಗಿದೆ. ಮೂರಾದ ಮೇಲೆ ಎರಡೆರಡು ಎಂಬ ನಮ್ಮ ಲಕ್ಷ, ಕೋಟಿಯ ಎಣಿಕೆಯ ನಮೂನೆಯನ್ನೇ ಬರೆದುಕೊಟ್ಟರೂ ಅದು ಕೊನೆಯ ಅಂತರವನ್ನು ಮಾತ್ರ ಓದಿ ಉಳಿದದ್ದನ್ನು ಬಿಟ್ಟುಬಿಡುತ್ತದೆ. ಅದರ ಕೈಪಿಡಿಯೇ ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಲಕ್ಷದ ಅಲ್ಪವಿರಾಮ ಬೇಕೆಂದರೆ ಐಸಿಯು ಎಂಬ ಬೇರೊಂದು ಸಂಗ್ರಹವನ್ನು ತಂದು ಜೋಡಿಸಿಕೊಳ್ಳಬೇಕು. ಇಷ್ಟೊಂದು ಜಾವಾ ಬರೆಯುವ ಬೆಂಗಳೂರಿನ ಜನಸಂಖ್ಯೆಯನ್ನು ಬೆಂಗಳೂರಿನ ರೀತಿಯಲ್ಲಿ ಬರೆಯಲು ಜಾವಾಕ್ಕೆ ತಾನಾಗಿ ಬರುವುದಿಲ್ಲ.

2019ರ ಜಾವಾ 12ರಿಂದ ದೊಡ್ಡ ಸಂಖ್ಯೆಯನ್ನು ಗಿಡ್ಡದಾಗಿ ಹೇಳುವ ಸೌಲಭ್ಯವೂ ಬಂದಿದೆ. ಅದೇ ಜನಸಂಖ್ಯೆಯನ್ನು ಜಾವಾ 17ರಲ್ಲಿ ಕನ್ನಡದಲ್ಲಿ ಗಿಡ್ಡದಾಗಿ ಹೇಳಿಸಿದರೆ ಸಿಗುವುದು ‘10ಮಿ’. ಮಿ ಎಂದರೆ ಮಿಲಿಯನ್. ಐದು ಲಕ್ಷಕ್ಕೆ ‘500ಸಾ’, ಅಂದರೆ ಐನೂರು ಸಾವಿರ. ಇದೇ ಪ್ರಶ್ನೆಯನ್ನು ಹಿಂದಿಯಲ್ಲಿ ಕೇಳಿ: ಐದು ಲಾಖ್ ಎಂದೇ ಉತ್ತರ. ಯಂತ್ರ ಒಂದೇ, ಭಂಡಾರ ಒಂದೇ. ಹಿಂದಿಯ ಅಧ್ಯಾಯ ಬರೆದವರು ಲಕ್ಷದಲ್ಲಿ ಎಣಿಸಿದರು, ಕನ್ನಡದ ಅಧ್ಯಾಯ ಬರೆದವರು ಮಿಲಿಯನ್ನಿನಲ್ಲಿ ಎಣಿಸಿದರು. ಇದನ್ನು ಯಂತ್ರದ ತಪ್ಪೆನ್ನಲಾಗದು. ಇದು ನಮ್ಮದೇ ಅನುವಾದದ ಅಭಿರುಚಿ, ಆದ್ದರಿಂದಲೇ ಸಾಹಿತ್ಯ ವಿಮರ್ಶೆಯ ವ್ಯಾಪ್ತಿಗೆ ಬರುತ್ತದೆ. ಕೆಂಗೇರಿಯ ಸಂತೆಯಲ್ಲಿ ಸೈಟಿನ ಬೆಲೆ ಮಾತಾಡುವವರನ್ನು ನಿಲ್ಲಿಸಿ ಮಿಲಿಯನ್ ಎಂದರೆ ಎಷ್ಟು ಎಂದು ಕೇಳಿದ್ದರೂ ಸಾಕಿತ್ತು.

ಅಕಾರಾದಿಯಲ್ಲೂ ಹೀಗೆಯೇ. ಕನ್ನಡದ ವರ್ಣಮಾಲೆಯಲ್ಲಿ ಳ ಕೊನೆಯದು, ಹಕಾರದ ನಂತರ. ಯೂನಿಕೋಡ್ ಸಂಖ್ಯೆಯಲ್ಲಿ ಅದು ಲಕಾರದ ಪಕ್ಕಕ್ಕೆ, ವಕಾರದ ಮುಂದೆ ಬಂದು ಕೂತಿದೆ. ಜಾವಾದಲ್ಲಿ ಪದಗಳನ್ನು ಸುಮ್ಮನೆ ಜೋಡಿಸು ಎಂದರೆ ಅದು ಸಂಖ್ಯೆಯ ಕ್ರಮದಲ್ಲೇ ಜೋಡಿಸುತ್ತದೆ: ಕಲೆ, ಕಳಸ, ಕವನ, ಕಸ, ಕಹಿ. ನಿಘಂಟಿನಲ್ಲಿ ಕಳಸ ಎಲ್ಲರಿಗಿಂತ ಕೊನೆಗೆ ಬರಬೇಕು. ಇಲ್ಲಿ ಡೀಫಾಲ್ಟ್ ಭಾಷೆಯನ್ನು ಕನ್ನಡ ಮಾಡಿದರೂ ಪ್ರಯೋಜನವಿಲ್ಲ. ಆ ಸರಳ ಜೋಡಣೆ ಭಾಷೆಯನ್ನು ಕೇಳುವುದೇ ಇಲ್ಲ.

ಹಳಗನ್ನಡದ ೞಕಾರದ ಪಾಡು ಇನ್ನೂ ವಿಚಿತ್ರ. ಯೂನಿಕೋಡ್ ಪಟ್ಟಿಯಲ್ಲಿ ಅದಕ್ಕೆ ‘ಫ’ ಎಂಬ ಅರ್ಥದ ಇಂಗ್ಲಿಷ್ ಹೆಸರು ತಪ್ಪಾಗಿ ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದು ಎಂಬುದು ಅವರ ನಿಯಮವಾದ್ದರಿಂದ ತಿದ್ದುಪಡಿಯನ್ನು ಅಡ್ಡಹೆಸರಾಗಿ ಸೇರಿಸಿದ್ದಾರೆ; ಜಾವಾಕ್ಕೆ ಇವತ್ತು ಈ ಅಕ್ಷರದ ಹೆಸರು ಕೇಳಿದರೂ ಅದೇ ತಪ್ಪು ಹೆಸರನ್ನು ಹೇಳುತ್ತದೆ. ಕನ್ನಡ ನಾಲಿಗೆಯಿಂದ ಕಳಚಿಹೋದ ಅಕ್ಷರಕ್ಕೆ ಯಂತ್ರದಲ್ಲಿ ಅಮರತ್ವ ಸಿಕ್ಕಿತು, ಹೆಸರು ಮಾತ್ರ ಬೇರೆಯವರದು.

ಕೊನೆಯ ಸಮಸ್ಯೆ ವಿಭಕ್ತಿಯದು. ‘ಮುಂದಿನ ರೈಲು ಇಂಥಲ್ಲಿಗೆ’ ಎಂಬ ವಾಕ್ಯವನ್ನು ಪ್ರೋಗ್ರಾಮಿನಲ್ಲಿ ಖಾಲಿ ಜಾಗ ಬಿಟ್ಟು, ಅದರ ಮುಂದೆ ‘ಗೆ’ ಎಂದು ಬರೆದಿಡುತ್ತಾರೆ. ಖಾಲಿ ಜಾಗಕ್ಕೆ ಕೆಂಗೇರಿ ಬಂದರೆ ಕೆಂಗೇರಿಗೆ, ಮಾಗಡಿ ರಸ್ತೆ ಬಂದರೆ ಮಾಗಡಿ ರಸ್ತೆಗೆ, ಅದೃಷ್ಟ. ರಾಜಾಜಿನಗರ ಬಂದರೆ ರಾಜಾಜಿನಗರಗೆ, ಚಲ್ಲಘಟ್ಟ ಬಂದರೆ ಚಲ್ಲಘಟ್ಟಗೆ, ಮೈಸೂರು ಬಂದರೆ ಮೈಸೂರುಗೆ. ಕೇಶಿರಾಜ 13ನೆಯ ಶತಮಾನದಲ್ಲೇ ಕೂತು ವ್ಯಾಕರಣ ಬರೆದ ಭಾಷೆಗೆ ಈ ಗತಿ. ಇಂಗ್ಲಿಷಿಗೆ ‘ಟು’ ಎಂಬುದು ಪದದ ಹಿಂದೆ ಬಿಡಿಯಾಗಿ ನಿಲ್ಲುವುದರಿಂದ ಖಾಲಿ ಜಾಗದ ತಂತ್ರ ಅದಕ್ಕೆ ಹೊಂದುತ್ತದೆ. ಕನ್ನಡದಲ್ಲಿ ಪ್ರತ್ಯಯ ಪದದ ಮೈಗೆ ಅಂಟಿ ಅದರ ಮೈಯನ್ನೂ ಬದಲಿಸುತ್ತದೆ. ಯಾವ ಸೆಟ್ಟಿಂಗೂ ಇದನ್ನು ಸರಿಪಡಿಸದು. ವಾಕ್ಯವನ್ನೇ ಬೇರೆಯಾಗಿ ಕಟ್ಟಬೇಕು: ‘ಮುಂದಿನ ರೈಲು: ರಾಜಾಜಿನಗರ’. ಅದಕ್ಕೆ ಕನ್ನಡ ಗೊತ್ತಿರುವವರು ಬಿಲ್ಡಿನ ಹತ್ತಿರ ಇರಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಕನ್ನಡಾಭಿಮಾನಿಗಳು ಥಟ್ಟನೆ ಕೊಡಬಹುದಾದ ಪರಿಹಾರ, ಬಿಲ್ಡಿನ ಡೀಫಾಲ್ಟನ್ನು ಕನ್ನಡ ಮಾಡಿಬಿಡೋಣ ಎಂಬುದು. ಅದು ಸುಸ್ತಿಯನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗಾಯಿಸಿದಂತೆ. ಜಾವಾದ ಒಂದು ನಡೆಯನ್ನು ನೋಡಿ: ಒಬ್ಬರು ಇಂಗ್ಲಿಷ್ ಸಂದೇಶ ಕೇಳುತ್ತಾರೆ, ಇಂಗ್ಲಿಷ್ ಎಂದು ಗುರುತು ಹಾಕಿದ ಕಡತ ಇಲ್ಲ, ಗುರುತಿಲ್ಲದ ಮೂಲ ಕಡತ ಇಂಗ್ಲಿಷಿನಲ್ಲಿದೆ, ಪಕ್ಕದಲ್ಲಿ ಒಂದು ಕನ್ನಡ ಕಡತವಿದೆ. ಯಂತ್ರದ ಡೀಫಾಲ್ಟ್ ಕನ್ನಡವಾಗಿದ್ದರೆ ಜಾವಾ ಮೂಲ ಕಡತಕ್ಕೆ ಹೋಗುವ ಮೊದಲು ಡೀಫಾಲ್ಟ್ ಭಾಷೆಯ ಕಡತವನ್ನು ಹುಡುಕಿ ಅವರಿಗೆ ಕನ್ನಡ ಕೊಡುತ್ತದೆ. ಕೇಳಿದ್ದು ಇಂಗ್ಲಿಷು, ಸಿಕ್ಕಿದ್ದು ಕನ್ನಡ. ಇದನ್ನು ನೋಡಿ ಖುಷಿಪಡುವುದು ಸಣ್ಣತನ. ಕೇಳಿದವರಿಗೆ ಕೇಳಿದ ಭಾಷೆ ಸಿಗಬೇಕೆಂಬ ನ್ಯಾಯವನ್ನೇ ಅಲ್ಲವೇ ನಾವು ಬೇಡುತ್ತಿರುವುದು?

ನನ್ನ ತೀರ್ಮಾನ ಹೀಗಿದೆ. ಯಂತ್ರ ಯಂತ್ರಕ್ಕೆ ಹೇಳುವ ಮಾತಿಗೆ ಯಾವ ಸೀಮೆಯೂ ಬೇಡ. ಜಾವಾದಲ್ಲಿ ಅದಕ್ಕೆಂದೇ ‘ರೂಟ್’ ಎಂಬ ಸೀಮೆಯಿಲ್ಲದ ಲೋಕೇಲ್ ಇದೆ. ಮನುಷ್ಯರಿಗೆ ಹೇಳುವ ಮಾತಿಗೆ ಆ ಮನುಷ್ಯರ ಭಾಷೆಯನ್ನು ಪ್ರತಿ ಸಲವೂ ಹೆಸರಿಟ್ಟು ಹೇಳಬೇಕು. ಬಿಲ್ಡಿನ ಭಾಷೆಯನ್ನು ಕಡತದಲ್ಲಿ ಸ್ಪಷ್ಟವಾಗಿ ಬರೆದು ಸ್ಥಿರಗೊಳಿಸಲಿ, ಅದು ಇಂಗ್ಲಿಷೇ ಆಗಿರಲಿ. ಆದರೆ ಅದೇ ಪರೀಕ್ಷೆಗಳನ್ನು ಕನ್ನಡ–ಭಾರತ ಎಂದು ಹೇಳಿ ಇನ್ನೊಮ್ಮೆ ಓಡಿಸಬೇಕು. ಹೆಚ್ಚು ಹಿಡಿಯುವುದು ಕೆಲವು ನಿಮಿಷ. ಬೀಳುವ ಒಂದೊಂದು ಪರೀಕ್ಷೆಯೂ ನಾವು ಎಲ್ಲಿ ಹೇಳದೆ ಬಿಟ್ಟಿದ್ದೇವೆ ಎಂಬುದರ ಪಟ್ಟಿ.

ಎರಡನೆಯದು ಓದುಗರಿಗೆ, ಬರಹಗಾರರಿಗೆ ಸಂಬಂಧಿಸಿದ್ದು. ಹಿಂದಿನ ತಲೆಮಾರು ಯಂತ್ರದೊಳಗೆ ಕನ್ನಡ ಅಕ್ಷರ ಮೂಡಿಸುವ ಹೋರಾಟ ಮಾಡಿತು. ಕೆ.ಪಿ. ರಾವ್ ಕೀಲಿಮಣೆಯ ವಿನ್ಯಾಸ ಕೊಟ್ಟರು, ಶೇಷಾದ್ರಿವಾಸು ಬರಹ ಕೊಟ್ಟರು, ಗಣಕ ಪರಿಷತ್ತು ನುಡಿ ಕೊಟ್ಟಿತು, ತೇಜಸ್ವಿಯಂಥ ಲೇಖಕರು ಕಾದಂಬರಿ ಬರೆಯುವುದರ ನಡುವೆಯೂ ಕನ್ನಡ ತಂತ್ರಾಂಶಕ್ಕಾಗಿ ತಲೆಕೆಡಿಸಿಕೊಂಡರು. ಅಕ್ಷರ ಈಗ ಮೂಡುತ್ತದೆ. ಆ ಅಕ್ಷರಗಳು ಹೇಳುವುದು ಯಾರ ಕನ್ನಡವನ್ನು ಎಂಬ ಪ್ರಶ್ನೆ ಉಳಿದಿದೆ. ಸಿಎಲ್‌ಡಿಆರ್ ಪಠ್ಯ ತೀರ್ಮಾನವಾಗುವುದು ಮತದಿಂದ. ಸದಸ್ಯ ಸಂಸ್ಥೆಗಳ ಮತಕ್ಕೆ ತೂಕ ಹೆಚ್ಚು, ಆದರೆ ಸಾಮಾನ್ಯರೂ ಖಾತೆ ಪಡೆದು ಪದ ಸೂಚಿಸಬಹುದು, ಮತ ಹಾಕಬಹುದು. ಭಾಷಾವಿಜ್ಞಾನ ಓದಿಸುವ ನಮ್ಮ ಕನ್ನಡ ವಿಭಾಗಗಳಲ್ಲಿ ಒಂದು ತರಗತಿ ಒಂದು ಸೆಮಿಸ್ಟರ್ ಈ ಅಧ್ಯಾಯವನ್ನು ಕೂತು ಓದಿ, ಅಪರಾಹ್ನಕ್ಕೂ ಮಿಲಿಯನ್ನಿಗೂ ಟಿಪ್ಪಣಿ ಬರೆದರೆ, ಅದು ಒಳ್ಳೆಯ ಗ್ರಂಥಸಂಪಾದನೆಯೂ ಆದೀತು.

ಈ ಭಂಡಾರದ ಒಂದು ಸಣ್ಣ ಚಿಹ್ನೆ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ 2023ರ ಜಾವಾ 20 ಸಾಕ್ಷಿ. ಇಂಗ್ಲಿಷಿನಲ್ಲಿ ಗಂಟೆಗೂ ಪಿಎಂಗೂ ನಡುವಿನ ಖಾಲಿ ಜಾಗವನ್ನು ತುಸು ಕಿರಿದಾದ ಬೇರೊಂದು ಖಾಲಿ ಜಾಗವಾಗಿ ಬದಲಿಸಿದರು. ಕಣ್ಣಿಗೆ ಕಾಣದ ಬದಲಾವಣೆ. ಹಳೆಯ ಖಾಲಿ ಜಾಗವನ್ನೇ ನಂಬಿದ್ದ ಪ್ರೋಗ್ರಾಮುಗಳ ಪರೀಕ್ಷೆಗಳು ಲೋಕದ ತುಂಬ ಬಿದ್ದವು, ಎಲ್ಲರೂ ಎಚ್ಚೆತ್ತು ಮಾತಾಡಿದರು. ಕನ್ನಡದಲ್ಲಿ ರಾತ್ರಿಯನ್ನೇ ಅಪರಾಹ್ನ ಮಾಡಿದರೂ ಯಾವ ಬಿಲ್ಡೂ ಬೀಳಲಿಲ್ಲ. ಬೀಳಲು ಅಲ್ಲಿ ಕನ್ನಡದ ಪರೀಕ್ಷೆ ಇದ್ದರೆ ತಾನೆ?